ಡಾಕ್ಟ್ರ ಗಾಡಿ ಸಾರ್!

ನ್ಯಾಯವಾಗಿ ಕೊಂಡ ಕಾರಿನ ಕಾಗದಪತ್ರಗಳಲ್ಲಿ ಏನಾದರೊಂದು ಊನ ಇದ್ದೇ ಇರುತ್ತದೆ. ಆರ್‌ಸಿಯಲ್ಲಿ ಅಪ್ಪನ ಹೆಸರಿನ ಒತ್ತಕ್ಷರ ಹಾರಿಹೋಗಿರುತ್ತದೆ. ಸಾಲ ತೀರಿ ವರ್ಷಗಳಾದರೂ ಬ್ಯಾಂಕಿನ ಹೆಸರು ಅಲ್ಲೇ ಠಿಕಾಣಿ ಹೂಡಿರುತ್ತದೆ. ಹೊಗೆ ತಪಾಸಣೆಯ ಚೀಟಿಯ ಅವಧಿ ಮೊನ್ನೆಯಷ್ಟೇ ಮುಗಿದಿರುತ್ತದೆ. ಕದ್ದ ಕಾರಿನ ವಿಷಯದಲ್ಲಿ ಇಂಥ ಉದಾಸೀನ ನಡೆಯುವುದಿಲ್ಲ. ಆರ್‌ಸಿ, ವಿಮೆ, ಎನ್‌ಒಸಿ, ಬಿ ಎಕ್ಸ್‌ಟ್ರಾಕ್ಟ್, ಎರಡನೇ ಕೀ ಎಲ್ಲವೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಕ್ರಮವಾಗಿ ಕೂತಿರುತ್ತವೆ. ಕಾಗದವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವನನ್ನು ನಾವು ಸಂಭಾವಿತ ಎಂದು ಕರೆದು ಕಾಫಿ ಕೊಡುತ್ತೇವೆ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ, ಅದು ಈಗಾಗಲೇ ಸಾಕಷ್ಟು ಕಡತಗಳಲ್ಲಿದೆ. ನಿವೃತ್ತಿಯ ಹಣ ಬಂದ ಮೇಲೆ ಅವರಿಗೆ ಎತ್ತರದ ಗಾಡಿಯೊಂದರಲ್ಲಿ ಕೂತು ಮನೆದೇವರಿಗೆ ಹೋಗಿಬರುವ ಆಸೆಯಾಯಿತು. ಹೊಸದರ ಬೆಲೆ ಕೇಳಿದ ಮೇಲೆ ಆಸೆ ಉಳಿಯಿತು, ಹೊಸದು ಎಂಬ ಹಟ ಹೋಯಿತು. ರಿಂಗ್ ರೋಡಿನ ಪಕ್ಕ ತಗಡಿನ ಶೆಡ್ಡು, ಸಾಲು ಬಾವುಟ, 'ಆಟೋ ಕನ್ಸಲ್ಟೆಂಟ್ಸ್' ಎಂಬ ಬೋರ್ಡು. ಬಿಳಿ ಎಸ್‌ಯುವಿಯ ಬಾನೆಟ್ ಮೇಲೆ ಕೈಯಿಟ್ಟು ಬ್ರೋಕರ್ ಹೇಳಿದ: "ಡಾಕ್ಟ್ರ ಗಾಡಿ ಸಾರ್. ಸಿಂಗಲ್ ಓನರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ."

ಮಾರಾಟಕ್ಕಿರುವ ಹಳೇ ಕಾರುಗಳ ಲೆಕ್ಕ ಹಿಡಿದರೆ, ಈ ದೇಶದಲ್ಲಿ ಡಾಕ್ಟರುಗಳ ಕೊರತೆಯಿದೆ ಎಂಬ ಮಾತು ಶುದ್ಧ ಸುಳ್ಳು.

ಈ ಡಾಕ್ಟರು ಮಿಲಿಟರಿ ಡಾಕ್ಟರಂತೆ. ಗಾಡಿ ದೆಹಲಿ ನೋಂದಣಿಯದ್ದು, ಡೀಸೆಲ್. ಬೆಲೆ ಇಲ್ಲಿನ ರೇಟಿಗಿಂತ ಒಂದೂವರೆ ಲಕ್ಷ ಕಡಿಮೆ. ಯಾಕೆ ಕಡಿಮೆ ಎಂದು ಮೇಷ್ಟ್ರು ಕೇಳಬೇಕೆನ್ನುವಷ್ಟರಲ್ಲಿ ಉತ್ತರ ತಾನಾಗಿ ಬಂತು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಹೌದೆಂದಿತು. ಆಮೇಲೆ ದೆಹಲಿಯ ಡೀಸೆಲ್ ಗಾಡಿಗಳು ಎನ್‌ಒಸಿ ಹಿಡಿದುಕೊಂಡು ಅಗ್ಗದ ಬೆಲೆಗೆ ದೇಶವೆಲ್ಲ ಹರಡಿದವು. ಅವುಗಳಲ್ಲಿ ಬಹುಪಾಲು ಸಾಚಾ ಗಾಡಿಗಳೇ. ಕಳ್ಳನಿಗೆ ಬೇಕಾದ್ದೂ ಅದೇ. ಕದ್ದ ಮಾಲನ್ನು ಅಗ್ಗಕ್ಕೆ ಮಾರಲು ಒಂದು ಗೌರವಸ್ಥ ಕಾರಣ ಬೇಕಿತ್ತು. ಅದನ್ನು ನ್ಯಾಯಮಂಡಳಿಯೇ ಒದಗಿಸಿತು.

ತಪಾಸಣೆಗೆ ಮನೆಮಂದಿಯೆಲ್ಲ ಬಂದರು. ಭಾವಮೈದ ಟೈರಿಗೆ ಒದ್ದು ನೋಡಿದ. ಬಾನೆಟ್ ಎತ್ತಿಸಿ ಆರು ಜನ ಸುತ್ತ ನಿಂತು, ಯಾವುದನ್ನು ನೋಡಬೇಕೆಂದು ಒಬ್ಬರಿಗೂ ಗೊತ್ತಿಲ್ಲದೆ, ಗಂಭೀರವಾಗಿ ತಲೆಯಾಡಿಸಿದರು. ಮೇಷ್ಟ್ರ ಶ್ರೀಮತಿಯವರು ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿ, "ಎಂಟು ಬರ್ಲಿಲ್ಲ ಸದ್ಯ, ಶನಿಕಾಟ ಇಲ್ಲ" ಎಂದರು. ಮಗ ಮೊಬೈಲಿನ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ, "ಅಪ್ಪಾ, ಆ್ಯಕ್ಟಿವ್ ಅಂತಿದೆ, ಕೇಸ್ ಏನೂ ಇಲ್ಲ" ಎಂದ. ಕಾರಿಗೆ ಹದಿನೇಳು ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಒಂದಿರುತ್ತದೆ. ಅದರಲ್ಲಿ ಒಂದು, ಸೊನ್ನೆಗಳ ಜತೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ, ಅಷ್ಟು ಮುತುವರ್ಜಿಯಿಂದ ಮಾಡಿದ ಸಂಖ್ಯೆ ಅದು. ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿ, ಬಗ್ಗಿ ನೋಡಿದವರು ಮೇಷ್ಟ್ರೊಬ್ಬರೇ. ಸುತ್ತಲಿನ ಬಣ್ಣಕ್ಕಿಂತ ಆ ಜಾಗದ ಬಣ್ಣ ಒಂದು ಪಾವಲಿಯಷ್ಟು ಹೊಳೆಯುತ್ತಿತ್ತು. ಮೂರು ಮತ್ತು ಎಂಟು ಕೊಂಚ ಆಳಕ್ಕಿಳಿದಿದ್ದವು, ನಾಲ್ಕು ವಾಲಿಕೊಂಡಿತ್ತು. ಹುಡುಗರ ಉತ್ತರಪತ್ರಿಕೆಯಲ್ಲಿ ತಿದ್ದಿದ ಅಂಕಿಯನ್ನು ಮಾರು ದೂರದಿಂದ ಹಿಡಿಯುತ್ತಿದ್ದ ಕಣ್ಣು ಅದು.

"ಇದೇನಪ್ಪಾ ಹೀಗಿದೆ?"

"ಒಂಚೂರು ತುಕ್ಕು ಹಿಡಿದಿತ್ತು ಸಾರ್, ಟಚಪ್ ಮಾಡ್ಸಿದೀವಿ. ಬೇರೆಯವ್ರಾದ್ರೆ ಹಂಗೇ ಕೊಡ್ತಿದ್ರು."

ಮೇಷ್ಟ್ರು ಬ್ರೋಕರನ ಪ್ರಾಮಾಣಿಕತೆಗೆ ಮೆಚ್ಚಿ ಟೋಕನ್ ಅಡ್ವಾನ್ಸ್ ಕೊಟ್ಟರು.

ಆ ತುಕ್ಕಿನ ಕತೆ ಹೀಗಿದೆ. ಎಲ್ಲೋ ಹೆದ್ದಾರಿಯಲ್ಲಿ ಕಾರೊಂದು ಲಾರಿಗೆ ಗುದ್ದಿ ನುಜ್ಜುಗುಜ್ಜಾಗುತ್ತದೆ. ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ಷರಾ ಬರೆದು, ಮಾಲೀಕನಿಗೆ ಹಣ ಕೊಟ್ಟು, ಅವಶೇಷವನ್ನು ಹರಾಜಿಗಿಡುತ್ತದೆ. ರಿಪೇರಿಗೆ ಬಾರದಂತೆ ನಾಶವಾದ ಗಾಡಿಯ ಸುದ್ದಿಯನ್ನು 14 ದಿನದೊಳಗೆ ಆರ್‌ಟಿಒಗೆ ಮುಟ್ಟಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ಹಣ ಕೈಗೆ ಬಂದವನು ಆರ್‌ಟಿಒ ಕಡೆ ಯಾಕೆ ತಲೆ ಹಾಕುತ್ತಾನೆ? ಹೀಗೆ ಕಾರು ಸತ್ತರೂ ಕಾಗದ ಬದುಕಿರುತ್ತದೆ. ಹರಾಜಿನಲ್ಲಿ ಅದನ್ನು ಹಿಡಿದವನಿಗೆ ಬೇಕಾದ್ದು ಕಬ್ಬಿಣವಲ್ಲ. ಆರ್‌ಸಿ ಮತ್ತು ಆ ಹದಿನೇಳು ಅಕ್ಷರಗಳು. ಮುಂದೆ ಅದೇ ಮಾಡೆಲ್, ಅದೇ ಬಣ್ಣ, ಅದೇ ವರ್ಷದ ಕಾರನ್ನು ಹುಡುಕಿ ಎತ್ತಬೇಕು. ಬೀಗ ಒಡೆಯುವ ಕಾಲ ಹೋಯಿತು. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಕಿಂಡಿಗೆ ಟ್ಯಾಬ್ಲೆಟ್‌ನಂಥದ್ದೊಂದನ್ನು ಚುಚ್ಚಿ ಹೊಸ ಕೀಯನ್ನೇ ಹುಟ್ಟಿಸಿಕೊಳ್ಳುತ್ತಾರೆ. ಆಮೇಲೆ ಗ್ರೈಂಡರ್ ಹಿಡಿದು ಹಳೇ ನಂಬರ್ ಉಜ್ಜಿ, ಸತ್ತ ಕಾರಿನ ನಂಬರ್ ಪಂಚ್ ಮಾಡುತ್ತಾರೆ. ಇನ್ನೂ ಶ್ರದ್ಧೆಯುಳ್ಳವರು ಆ ತಗಡನ್ನೇ ಕತ್ತರಿಸಿ ತಂದು ಬೆಸುಗೆ ಹಾಕುತ್ತಾರೆ.

ಆದ್ದರಿಂದ ಮಗನ ಆ್ಯಪ್ ಸುಳ್ಳು ಹೇಳಲಿಲ್ಲ. ಆ ನಂಬರಿನ ಕಾರನ್ನು ಯಾರೂ ಕದ್ದೇ ಇರಲಿಲ್ಲ.

ಕಳವಿನ ಕಾರು ಎಂದರೆ ಬಿಚ್ಚಿ ಮಾರುವ ಕಾರು ಎಂದೇ ನಾವು ತಿಳಿದಿದ್ದೆವು. ಅದಕ್ಕೆ ಹೆಸರಾಗಿದ್ದ ಮೀರತ್ತಿನ ಸೋತಿಗಂಜ್ ಬಜಾರಿಗೆ 2021ರ ಡಿಸೆಂಬರಿನಲ್ಲಿ ಪೊಲೀಸರು ಬೀಗ ಹಾಕಿಸಿದಾಗ ಪ್ರಧಾನಿಯವರೇ ಭಾಷಣದಲ್ಲಿ ಮೆಚ್ಚುಗೆ ಸೂಚಿಸಿದರು. ಬಿಚ್ಚುವವರ ಅಂಗಡಿಗೆ ಬೀಗ ಹಾಕಬಹುದು. ಕೂಡಿಸುವವರ ಅಂಗಡಿ ಇರುವುದು ಕಾಗದದ ಮೇಲೆ.

ಆ ಕಾಗದ ಆರ್‌ಟಿಒಗೆ ಹೋಯಿತು. ಫಾರಂ 28, ಫಾರಂ 29, ಫಾರಂ 30. ಚಾಸಿಸ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಟೇಪು ಅಂಟಿಸಿ ಕಿತ್ತು, ಆ ಅಚ್ಚನ್ನು ಅರ್ಜಿಗೆ ಮೆತ್ತುವ ಒಂದು ವಿಧಿಯಿದೆ. ಏಜೆಂಟನ ಹುಡುಗ ಆ ಕೆಲಸ ಮುಗಿಸಿಟ್ಟಿದ್ದ. ಅಚ್ಚಿನಲ್ಲಿದ್ದ ಅಂಕಿಗೂ ಎನ್‌ಒಸಿಯಲ್ಲಿದ್ದ ಅಂಕಿಗೂ ತಾಳೆ ನೋಡಲಾಯಿತು. ತಾಳೆಯಾಯಿತು. ಆಗದೆ ಇರಲು ಕಳ್ಳನೇನು ದಡ್ಡನೇ? ಪೆನ್ಸಿಲ್ ಅಚ್ಚಿನಲ್ಲಿ ಅಂಕಿ ಮೂಡುತ್ತದೆ, ಬಣ್ಣದ ಹೊಳಪು ಮೂಡುವುದಿಲ್ಲ. ಸರ್ಕಾರ ಲೈಫ್ ಟ್ಯಾಕ್ಸ್ ಕಟ್ಟಿಸಿಕೊಂಡು, ಕೆಎ ನಂಬರ್ ಕೊಟ್ಟು, ಕದ್ದ ಕಾರನ್ನು ಕನ್ನಡಿಗನನ್ನಾಗಿ ಮಾಡಿತು. ಆಮೇಲೆ ಅದಕ್ಕೆ ಹೊಲೋಗ್ರಾಂ, ಲೇಸರ್ ಕೋಡು, ಬಿಚ್ಚಲು ಬಾರದ ಲಾಕು ಇರುವ ಎಚ್‌ಎಸ್‌ಆರ್‌ಪಿ ಪ್ಲೇಟೂ ಬಿತ್ತು. ಹಳೇ ಗಾಡಿಗಳಿಗೂ ಈ ಪ್ಲೇಟು ಹಾಕಿಸಲೇಬೇಕೆಂಬ 2023ರ ಆಗಸ್ಟಿನ ಆದೇಶದ ಗಡುವು ಒಂದಾದ ಮೇಲೊಂದರಂತೆ ಮುಂದೆ ಹೋಗುತ್ತಿದ್ದಾಗ ನಾವೆಲ್ಲ ಆರಾಮಾಗಿ ಕೂತಿದ್ದೆವು. ಬಡಾವಣೆಯಲ್ಲಿ ಎಲ್ಲರಿಗಿಂತ ಮೊದಲು ಅತಿ ಸುರಕ್ಷಿತ ಪ್ಲೇಟು ಹಾಕಿಸಿಕೊಂಡ ಹಳೇ ಕಾರು ಇದೇ.

ಸಾಲ ಕೊಟ್ಟ ಬ್ಯಾಂಕೂ ಸುಮ್ಮನೆ ಕೊಡಲಿಲ್ಲ. ಒಬ್ಬ ಹುಡುಗನನ್ನು ಕಳಿಸಿತು. ಅವನು ನಾಲ್ಕು ದಿಕ್ಕಿನಿಂದ ಫೋಟೋ ಹೊಡೆದು, ಅದಕ್ಕೆ ವ್ಯಾಲ್ಯುಯೇಷನ್ ಎಂದು ಹೆಸರಿಟ್ಟು, ಶುಲ್ಕ ತೆಗೆದುಕೊಂಡು ಹೋದ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿ, ಮನೆದೇವರ ದರ್ಶನವೂ ಆಗಿ, ಎಲ್ಲ ನೆಮ್ಮದಿಯಾಗಿದ್ದಾಗ ದೆಹಲಿ ಕಡೆ ಯಾರೋ ಒಬ್ಬ ಸಿಕ್ಕಿಬಿದ್ದ. ಅವನು ಬಾಯಿಬಿಟ್ಟ ಪಟ್ಟಿಯಲ್ಲಿ ಈ ಗಾಡಿಯೂ ಇತ್ತು. ಮಫ್ತಿಯಲ್ಲಿದ್ದ ಇಬ್ಬರು ಹಿಂದಿಯವರು, ಜತೆಗೆ ಸ್ಥಳೀಯ ಕಾನ್‌ಸ್ಟೇಬಲ್. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ಠಾಣೆಯಲ್ಲಿ ಸಾಹೇಬರು ಕುರ್ಚಿ ಕೊಟ್ಟರು, ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ.

"ಇಷ್ಟು ಕಮ್ಮಿಗೆ ಕೊಟ್ಟಾಗ ಅನುಮಾನ ಬರ್ಲಿಲ್ವಾ ಮೇಷ್ಟ್ರೇ?"

"ಆರ್‌ಟಿಒ ಸಾಹೇಬ್ರಿಗೇ ಬರ್ಲಿಲ್ವಲ್ಲ ಸ್ವಾಮಿ."

"ಅವ್ರೇನು ದುಡ್ಡು ಕೊಟ್ಟು ತಗೊಂಡ್ರಾ?"

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಸಾಹೇಬರ ಸ್ವಂತದ್ದಲ್ಲ, ಕಾನೂನಿನದ್ದು. ಕಳವಿನ ಮಾಲೆಂದು ತಿಳಿದಿದ್ದು, ಅಥವಾ ಹಾಗೆಂದು ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆಯುಂಟು. ಮೊದಲು ಐಪಿಸಿಯ 411. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 317. ನಂಬರ್ ಬದಲಾದರೂ ಬಾಡಿ ಅದೇ, ಆ ಕಾರಿನ ಹಾಗೆಯೇ. ಅಗ್ಗಕ್ಕೆ ಸಿಕ್ಕಿದ್ದೇ ಅನುಮಾನಕ್ಕೆ ಕಾರಣವೆನ್ನುವುದಾದರೆ ಆಷಾಢ ಸೇಲಿನಲ್ಲಿ ಸೀರೆ ಕೊಂಡ ಚಿಕ್ಕಪೇಟೆಯ ಗಿರಾಕಿಗಳನ್ನೆಲ್ಲ ಸಾಲಾಗಿ ಠಾಣೆಗೆ ಕರೆಸಬೇಕಾಗುತ್ತದೆ. ಪುಣ್ಯಕ್ಕೆ ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಿತ್ತು, ರಸೀದಿ ಇತ್ತು. ಮೇಷ್ಟ್ರು ಅಮಾಯಕರೆಂದು ಎಲ್ಲರೂ ಒಪ್ಪಿದರು. ಅಮಾಯಕರೆಂದು ಒಮ್ಮತದಿಂದ ತೀರ್ಮಾನವಾದ ಮೇಲೆ, ನಷ್ಟ ಯಾರ ತಲೆಗೆ ಎಂಬ ಚರ್ಚೆಗೆ ಅವಕಾಶವೇ ಉಳಿಯಲಿಲ್ಲ.

1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ಹೇಳುವುದಿಷ್ಟು: ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಕಳ್ಳನಿಂದ ನೀವು ಎಷ್ಟೇ ಸಜ್ಜನಿಕೆಯಿಂದ ಕೊಂಡರೂ ನಿಮ್ಮ ಕೈಗೆ ಬರುವುದು ಕಳ್ಳನ ಹಕ್ಕು, ಅಂದರೆ ಸೊನ್ನೆ. ಕಾನೂನು ಮೇಷ್ಟ್ರನ್ನು ಬಿಟ್ಟಿತು, ಕಾರನ್ನು ಬಿಡಲಿಲ್ಲ. ಈ ಕಾಯ್ದೆಯನ್ನು ನಮಗೆ ಬರೆದುಕೊಟ್ಟ ಇಂಗ್ಲಿಷರು ತಮ್ಮ ಊರಿನಲ್ಲಿ ಮಾತ್ರ ಒಂದು ಕಿಂಡಿ ಇಟ್ಟುಕೊಂಡಿದ್ದರು. ರೂಢಿಯಿಂದ ನಡೆದುಬಂದ ಬಹಿರಂಗ ಸಂತೆಯಲ್ಲಿ, ಹಗಲು ಹೊತ್ತಿನಲ್ಲಿ, ಒಳ್ಳೆಯ ನಂಬಿಕೆಯಿಂದ ಕೊಂಡರೆ ಕದ್ದ ಮಾಲೂ ಕೊಂಡವನದ್ದೇ ಆಗುತ್ತಿತ್ತು. ಆ ಪದ್ಧತಿಯನ್ನು ಅವರು ರದ್ದು ಮಾಡಿದ್ದು 1994ರ ಕಾಯ್ದೆಯಲ್ಲಿ. ನಮಗೆ ಕೊಟ್ಟ ಪ್ರತಿಯಲ್ಲಿ ಆ ಪುಟ ಮೊದಲಿನಿಂದಲೂ ಇರಲಿಲ್ಲ.

ಮಾರಿದವನ ಮೇಲೆ ದಾವೆ ಹೂಡಿ ಹಣ ವಾಪಸ್ ಕೇಳುವ ಹಕ್ಕು ಮೇಷ್ಟ್ರಿಗಿದೆ, ಅದೇ ಕಾಯ್ದೆಯಲ್ಲಿ. ಮಿಲಿಟರಿ ಡಾಕ್ಟರು ಆಧಾರ್ ಕಾರ್ಡಿನಲ್ಲಿ ಕೊಟ್ಟಿದ್ದ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಬ್ರೋಕರ್ ಎರಡೂ ಕೈ ಮುಗಿದು, "ನಾನು ಬರೀ ಮಧ್ಯಸ್ಥ ಸಾರ್" ಎಂದ. 2023ರ ಏಪ್ರಿಲ್ ಒಂದರಿಂದ ಹಳೇ ವಾಹನದ ಡೀಲರುಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು, ಮಾರಲು ತಂದಿಟ್ಟುಕೊಂಡ ಗಾಡಿಗೆ ತಾವೇ ಮಾಲೀಕರೆನಿಸಿಕೊಂಡು ಹೊಣೆ ಹೊರಬೇಕು ಎಂದು ಕೇಂದ್ರದ ನಿಯಮವಿದೆ. ನಿಯಮದಲ್ಲಿ ಡೀಲರ್ ಎಂದಿದೆ, ಇವನ ಬೋರ್ಡಿನಲ್ಲಿ ಕನ್ಸಲ್ಟೆಂಟ್ ಎಂದಿದೆ. ಕೆಲವು ದಿನಗಳ ನಂತರ ಬೋರ್ಡೂ ಇರಲಿಲ್ಲ.

ಆಗ ಹೊರಟವು ಬೀದಿಯವರ ಬುದ್ಧಿಮಾತುಗಳು. ಅಧಿಕೃತ ಸರ್ವೀಸ್ ಸೆಂಟರಿಗೆ ಒಯ್ದು ಸ್ಕ್ಯಾನರ್ ಹಾಕಿಸಿದ್ದರೆ ಇಸಿಯುವಿನೊಳಗಿನ ಅಸಲಿ ನಂಬರ್ ಸಿಗುತ್ತಿತ್ತು ಎಂದರು ಒಬ್ಬರು. ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, ಅದನ್ನು ಆರ್‌ಸಿಗೆ ತಾಳೆ ನೋಡಬೇಕಿತ್ತು ಎಂದರು ಇನ್ನೊಬ್ಬರು. ಹಳೇ ವಿಮಾ ಕಂಪನಿಗೆ ಕ್ಲೇಮಿನ ಇತಿಹಾಸ ಕೇಳಿದ್ದರೆ 'ಟೋಟಲ್ ಲಾಸ್' ಅಲ್ಲೇ ಗೊತ್ತಾಗುತ್ತಿತ್ತು ಎಂದ ಭಾವಮೈದ, ಟೈರಿಗೆ ಒದ್ದ ಅದೇ ಭಾವಮೈದ. ಮೂರೂ ಸತ್ಯವಾದ ಮಾತುಗಳೇ. ಕೊಳ್ಳುವ ಮೊದಲು ಹೇಳಿದವರು ಮಾತ್ರ ಯಾರೂ ಇಲ್ಲ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮ ಬೀದಿಗೆ ಸರಿಸಾಟಿಯಿಲ್ಲ.

ವಿಧಿವಿಜ್ಞಾನ ಪ್ರಯೋಗಾಲಯದವರು ಬಂದು ಆ ಹೊಳೆಯುವ ಜಾಗವನ್ನು ನುಣ್ಣಗೆ ಉಜ್ಜಿ, ರಾಸಾಯನಿಕ ಸವರಿದರು. ಪಂಚ್ ಹೊಡೆದಾಗ ಅಂಕಿಯ ಅಡಿಯ ಲೋಹವೂ ಒತ್ತಿಹೋಗಿರುತ್ತದೆ. ಮೇಲಿನದನ್ನು ಕಳ್ಳ ಉಜ್ಜಿ ತೆಗೆದರೂ ಅಡಿಯದ್ದು ಉಳಿದಿರುತ್ತದೆ. ಹಳೇ ಸಂಖ್ಯೆ ಮಂಕಾಗಿ ಒಂದೊಂದೇ ಮೇಲೆದ್ದು ಬಂತು. ಇಡೀ ವ್ಯವಹಾರದಲ್ಲಿ ಕಾಗದ ಬಿಟ್ಟು ಕಾರನ್ನು ನೋಡಿದ ಮೊದಲ ಸರ್ಕಾರಿ ನೌಕರರು ಅವರೇ.

ಅಸಲಿ ಮಾಲೀಕ ಯಾರು? ಗುರುಗ್ರಾಮದ ಒಬ್ಬರು. ಅವರಿಗೆ ಕಳವಿನ ಕ್ಲೇಮು ಎಂದೋ ಸಿಕ್ಕಿ, ಹೊಸ ಮಾಡೆಲ್ ಕೊಂಡಾಗಿತ್ತು. ಈ ಗಾಡಿಯ ಮೇಲೆ ಅವರಿಗೆ ಆಸೆಯಿಲ್ಲ. ಹಣ ಕೊಟ್ಟ ವಿಮಾ ಕಂಪನಿಗೆ ಗಾಡಿ ಸೇರಬೇಕು. ಕಂಪನಿಯ ವಕೀಲರು ಬರುವವರೆಗೆ ಅದು ಠಾಣೆಯ ಆವರಣದಲ್ಲಿ, ಮರಳು ಲಾರಿಗೂ ನಡುವೆ ಔಡಲ ಗಿಡ ಬೆಳೆದಿರುವ ಆಟೋಗೂ ಮಧ್ಯೆ ನಿಂತಿದೆ. ಮೇಲೆ ಸುಣ್ಣದಲ್ಲಿ ಅಪರಾಧ ಸಂಖ್ಯೆ ಬರೆದಿದ್ದಾರೆ. ಹೀಗೆ ವಾಹನಗಳನ್ನು ಠಾಣೆಗಳಲ್ಲಿ ಕೊಳೆಹಾಕಬಾರದು, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಬಿಟ್ಟುಕೊಡಿ ಎಂದು ಸುಪ್ರೀಂ ಕೋರ್ಟು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು 2002ರಲ್ಲಿ. ವಾಹನ ಬಿಡಿಸಿಕೊಳ್ಳುವ ಅರ್ಜಿಗಳಲ್ಲಿ ವಕೀಲರು ಇವತ್ತಿಗೂ ಆ ತೀರ್ಪನ್ನೇ ಉಲ್ಲೇಖಿಸುತ್ತಾರೆ. ಪಾಲಿಸಿದ್ದರೆ ಇಷ್ಟೊಂದು ಸಲ ಉಲ್ಲೇಖಿಸುವ ಪ್ರಮೇಯ ಬರುತ್ತಿರಲಿಲ್ಲ.

ಕಂತು ಮಾತ್ರ ನಿಂತಿಲ್ಲ. ಬ್ಯಾಂಕಿನವರ ವಾದ ಸರಳ: ಸಾಲ ಕೊಟ್ಟದ್ದು ಮೇಷ್ಟ್ರಿಗೆ, ಮೇಷ್ಟ್ರು ಅಸಲಿಯೇ ಇದ್ದಾರೆ. ಪ್ರತಿ ತಿಂಗಳು ಐದನೇ ತಾರೀಕು ಪಿಂಚಣಿಯಿಂದ ಹಣ ಕಡಿತವಾಗುತ್ತದೆ. ಹೋದ ವಾರ ಅದೇ ಬ್ಯಾಂಕಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು.

"ಸರ್, ನೀವು ಒಂದೂ ಇಎಂಐ ಮಿಸ್ ಮಾಡಿಲ್ಲ. ನಿಮ್ಮ ಗಾಡಿ ಮೇಲೆ ಟಾಪ್-ಅಪ್ ಲೋನ್ ಅಪ್ರೂವ್ ಆಗಿದೆ."

"ಗಾಡಿ ಪೊಲೀಸ್ ಸ್ಟೇಷನ್ನಲ್ಲಿದೆಯಮ್ಮಾ."

"ಪರವಾಗಿಲ್ಲ ಸರ್, ಆರ್‌ಸಿ ಕಾಪಿ ವಾಟ್ಸಾಪ್ ಮಾಡಿ ಸಾಕು. ಗಾಡಿ ನೋಡೋಕೆ ಯಾರೂ ಬರಲ್ಲ."