ವರನ ಬಾಯಿ ಸರಿಯಿಲ್ಲ: ಫುಟ್ಬಾಲ್ ಯಜಮಾನರಿಗೆ ಒಬ್ಬ ಮದುವೆ ಬ್ರೋಕರ್‌ನ ಬಹಿರಂಗ ಪತ್ರ

ಅಮೆರಿಕದ ನ್ಯಾಷನಲ್ ಫುಟ್ಬಾಲ್ ಲೀಗಿನ 31 ಯಜಮಾನ ಮಹಾಶಯರಿಗೂ, ಯಜಮಾನರೇ ಇಲ್ಲದೆ ಷೇರುದಾರರ ಕೈಯಲ್ಲಿ ನೆಮ್ಮದಿಯಾಗಿರುವ ಗ್ರೀನ್ ಬೇ ತಂಡದವರಿಗೂ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಆಟ ನನಗೆ ಅರ್ಥವಾಗುವುದಿಲ್ಲ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ ಕೊಡುವ ಆಟಕ್ಕೆ ಫುಟ್ಬಾಲ್ ಅನ್ನುತ್ತೀರಿ. ಅದು ನಿಮ್ಮ ಮನೆ ವಿಚಾರ. ನನಗೆ ಚೆನ್ನಾಗಿ ಅರ್ಥವಾಗುವುದು ನೀವು ವರ ನೋಡುವ ರೀತಿ. ಒಂದು ತಂಡವನ್ನು ಧಾರೆ ಎರೆಯಬೇಕಾದರೆ 32 ಮನೆಯವರು ಕೂಡಬೇಕು, ಕಡಿಮೆಯೆಂದರೆ 24 ಮನೆಯವರು ಹೂಂ ಅನ್ನಬೇಕು. ನಮ್ಮ ಕಡೆ ಇಷ್ಟು ಬಿಗಿ ಇದ್ದಿದ್ದರೆ ನನ್ನ ಮನೆಯ ಒಲೆ ಯಾವತ್ತೋ ಆರುತ್ತಿತ್ತು.

2009ರ ಅಕ್ಟೋಬರಿನ ಆ ಸಂಬಂಧದ ವಿಚಾರ ಓದಿದ ಮೇಲೆ ನಿಮ್ಮ ಮೇಲೆ ನನಗೆ ಅಪಾರ ಗೌರವ. ವಧು ಸೇಂಟ್ ಲೂಯಿಸ್ ರ‍್ಯಾಮ್ಸ್. ಆಕೆಯ ಗುಣಗಾನ ಮಾಡುವುದು ಯಾವ ಬ್ರೋಕರ್‌ಗೂ ಕಷ್ಟವೇ: ಆ ವರ್ಷದ 16 ಪಂದ್ಯಗಳಲ್ಲಿ 15 ಸೋಲು. ಅದೇ ಊರಿನ ಐಸ್ ಹಾಕಿ ತಂಡದ ಒಡೆಯ ಡೇವ್ ಚೆಕೆಟ್ಸ್ ಒಂದು ಗುಂಪು ಕಟ್ಟಿಕೊಂಡು ಕೇಳಲು ಬಂದರು. ಗುಂಪಿನಲ್ಲಿ ರೇಡಿಯೋ ಮಾತುಗಾರ ರಶ್ ಲಿಂಬಾ. ಮಿಸೌರಿಯ ಕೇಪ್ ಜಿರಾರ್ಡೋದ ಹುಡುಗ, ಹತ್ತಿರದ ಊರಿನವರೇ. ಫುಟ್ಬಾಲ್ ಅಂದರೆ ಪ್ರಾಣ. ಸಂಪಾದನೆ ಕೇಳುತ್ತೀರಾ? ಹಿಂದಿನ ವರ್ಷವಷ್ಟೇ ರೇಡಿಯೋದವರ ಜೊತೆ ಎಂಟು ವರ್ಷಕ್ಕೆ ಸುಮಾರು 40 ಕೋಟಿ ಡಾಲರಿನ ಕರಾರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ನಮ್ಮ ಗಾದೆ. ಇವರ ಮಾತು ಪಾಮ್ ಬೀಚಿನಲ್ಲಿ ಸಮುದ್ರದ ಪಕ್ಕ ಬಂಗಲೆ ಕೊಡಿಸಿತ್ತು.

ಆದರೆ ವಿಚಾರಿಸಿದಾಗ ತಿಳಿಯಿತು, ವರನ ಬಾಯಿ ಸರಿಯಿಲ್ಲ. 2003ರಲ್ಲಿ ಇಎಸ್‌ಪಿಎನ್‌ನಲ್ಲಿ ಕೂತು, ಡೊನೊವನ್ ಮೆಕ್‌ನ್ಯಾಬ್ ಎಂಬ ಕಪ್ಪು ಆಟಗಾರನನ್ನು ಪತ್ರಕರ್ತರು ಬಣ್ಣ ನೋಡಿ ಮೆರೆಸುತ್ತಿದ್ದಾರೆ ಎಂಬರ್ಥದ ಮಾತಾಡಿ ಕೆಲವೇ ದಿನಗಳಲ್ಲಿ ಕುರ್ಚಿ ಬಿಟ್ಟವರು. ಆಮೇಲೊಮ್ಮೆ ನಿಮ್ಮ ಪಂದ್ಯಗಳನ್ನು ಆಯುಧವಿಲ್ಲದ ರೌಡಿ ಗುಂಪುಗಳ ಕಾಳಗಕ್ಕೆ ಹೋಲಿಸಿದವರು. ಮೈದಾನದಲ್ಲಿ ಓಡುವವರಲ್ಲಿ ಹೆಚ್ಚಿನವರು ಕಪ್ಪು ಜನರಾಗಿರುವ ಮನೆಗೆ ಇಂಥ ಅಳಿಯ! ಆಟಗಾರರ ಸಂಘ ಬೇಡ ಅಂದಿತು. ಇಂಡಿಯಾನಾಪೊಲಿಸ್ ತಂಡದ ಜಿಮ್ ಇರ್ಸೆ ತಮ್ಮ ಮತವಿಲ್ಲ ಅಂದರು. ನಿಮ್ಮ ಕಮಿಷನರ್ ರೋಜರ್ ಗುಡೆಲ್, ಒಡಕು ತರುವ ಮಾತಿಗೆ ಇಲ್ಲಿ ಜಾಗವಿಲ್ಲ ಎಂಬರ್ಥದಲ್ಲಿ ಗಂಟಲು ಸರಿಮಾಡಿಕೊಂಡರು. ಮಾರನೆಯ ದಿನವೇ ಚೆಕೆಟ್ಸ್ ತಮ್ಮ ಗುಂಪಿನಿಂದ ಲಿಂಬಾ ಅವರನ್ನು ಕೈಬಿಟ್ಟರು. ಅವರಿದ್ದರೆ ವ್ಯವಹಾರಕ್ಕೆ ತೊಡಕು ಅಂದರು. ಇದನ್ನೇ ನಮ್ಮ ಕಸುಬಿನಲ್ಲಿ ‘ಜಾತಕ ಕೂಡಿಬರಲಿಲ್ಲ’ ಅನ್ನುತ್ತೇವೆ.

ನ್ಯಾಯವಾಗಿ ಒಂದು ಮಾತು ಹೇಳಿಬಿಡಬೇಕು. ಲಿಂಬಾ ಗುಲಾಮಗಿರಿಯನ್ನು ಹೊಗಳಿದರೆಂದು ಆ ವಾರ ಓಡಾಡಿದ ಹೇಳಿಕೆಗೆ ಆಧಾರವೇ ಸಿಗಲಿಲ್ಲ. ಖಚಿತ ಮಾಡಿಕೊಳ್ಳದೆ ಹೇಳಿದೆವೆಂದು ಟಿವಿಯವರೊಬ್ಬರು ಒಪ್ಪಿಕೊಂಡರು. ಆಡದ ಮಾತಿಗೂ ಪಾಪ ಲಿಂಬಾ ಬೈಸಿಕೊಂಡರು. ಆದರೆ ಹೆಸರು ಒಮ್ಮೆ ಹಾಗೆ ಬಿದ್ದ ಮೇಲೆ ಊರವರು ಕಟ್ಟಿದ್ದೂ ಅದಕ್ಕೇ ಅಂಟಿಕೊಳ್ಳುತ್ತದೆ. ಅಂಟಲಿ ಅಂತಲೇ ಇಪ್ಪತ್ತು ವರ್ಷ ಗೋಂದು ಹಚ್ಚಿಕೊಂಡವರು ಅವರೇ ತಾನೆ.

ಯಜಮಾನರೇ, ನಿಮ್ಮ ಅಂಗಡಿಯೂ ಅವರ ಅಂಗಡಿಯೂ ಬೇರೆ ಎಂಬುದು ನನಗೆ ಗೊತ್ತು. ರೇಡಿಯೋ ಅಂಗಡಿಗೆ ಊರಿನ ಅರ್ಧ ಜನ ಹಲ್ಲು ಕಡಿದರೂ ನಷ್ಟವಿಲ್ಲ, ಮಿಕ್ಕರ್ಧ ದಿನಾ ಬಂದು ಕಿವಿಯಿಟ್ಟರೆ ಸಾಕು. ಹಲ್ಲು ಕಡಿಯುವವರೂ ಕದ್ದು ಕೇಳುತ್ತಾರೆ. ನಿಮ್ಮದು ಬಿಯರು, ಟ್ರಕ್ಕು, ವಿಮೆ ಮಾರುವವರನ್ನು ನಂಬಿದ ಅಂಗಡಿ. ಅವರಿಗೆ ಎಲ್ಲ ಜಾತಿಯ, ಎಲ್ಲ ಪಕ್ಷದ ಗಿರಾಕಿಯೂ ಬೇಕು. ಅಲ್ಲಿ ಬಂಡವಾಳವಾದ ನಾಲಗೆ ಇಲ್ಲಿಗೆ ಬಂದರೆ ಸಾಲ. ಇಷ್ಟು ಹೇಳಿದ್ದರೆ ಲೆಕ್ಕ ಮುಗಿಯುತ್ತಿತ್ತು. ನೀವು ಅದಕ್ಕೆ ‘ಉನ್ನತ ಮಟ್ಟ’ ಎಂದು ಕುಂಕುಮ ಇಟ್ಟಿರಿ ನೋಡಿ, ಅಲ್ಲೇ ನನಗೆ ನಗು ಬಂದದ್ದು.

ಯಾಕೆಂದರೆ ಆಗ ನಿಮ್ಮ ವಾಷಿಂಗ್ಟನ್ ತಂಡದ ಹೆಸರೇ ಮೂಲನಿವಾಸಿಗಳನ್ನು ಹೀಯಾಳಿಸುವ ಪದ. ಲಿಂಬಾ ಬಾಯಲ್ಲಿ ಬಂದಿದ್ದರೆ ಗದ್ದಲವಾಗುತ್ತಿದ್ದ ಆ ಪದವನ್ನು ನೀವು ಟೋಪಿ, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರುತ್ತಿದ್ದಿರಿ. ಹೆಸರು ಬದಲಿಸುವ ಮಾತೇ ಇಲ್ಲವೆಂದು ಅದರ ಒಡೆಯ 2013ರಲ್ಲಿ ಗುಡುಗಿದರು. 2020ರಲ್ಲಿ, ಮೈದಾನಕ್ಕೆ ತನ್ನ ಹೆಸರು ಕೊಟ್ಟಿದ್ದ ಫೆಡೆಕ್ಸ್ ಹೆಸರು ಬದಲಿಸಿ ಅಂದಿತು. ಕೆಲವೇ ದಿನಗಳಲ್ಲಿ ಹಳೆಯ ಹೆಸರು ಹೋಯಿತು. ಅಷ್ಟು ವರ್ಷದ ಕೂಗು ಕೇಳಿಸದ ಕಿವಿಗೆ ಕೊರಿಯರ್‌ನವನು ಬಾಗಿಲು ತಟ್ಟಿದ್ದು ಕೇಳಿಸಿತು.

ಇರಲಿ. ರ‍್ಯಾಮ್ಸ್‌ಗೆ ಕೊನೆಗೆ ನೀವು ಒಪ್ಪಿದ ವರನ ವಿಷಯಕ್ಕೆ ಬರೋಣ. 2010ರಲ್ಲಿ ಶಾಹಿದ್ ಖಾನ್ ಎಂಬವರು ಹೆಚ್ಚುಕಡಿಮೆ ನಿಶ್ಚಯ ಮಾಡಿಕೊಂಡಿದ್ದರು. ಮೊದಲೇ 40 ಪರ್ಸೆಂಟ್ ಪಾಲಿದ್ದ ಸ್ಟಾನ್ ಕ್ರಾಂಕಿ, ನಮ್ಮ ಕಡೆ ಸೋದರಮಾವ ಹಕ್ಕು ಸಾಧಿಸುವ ಹಾಗೆ, ಅಷ್ಟೇ ಬೆಲೆ ಕೊಡುತ್ತೇನೆ, ಮೊದಲ ಹಕ್ಕು ನನ್ನದು ಅಂದರು. ಎಂಥ ವರ! ವಾಲ್‌ಮಾರ್ಟ್ ಮನೆತನದ ಅಳಿಯ. ಮಿಸೌರಿಯ ಮಣ್ಣಿನ ಮಗ. ಎನೋಸ್ ಸ್ಟಾನ್ಲಿ ಎಂಬ ಹೆಸರಿಟ್ಟದ್ದೇ ಸೇಂಟ್ ಲೂಯಿಸ್‌ನ ಇಬ್ಬರು ಬೇಸ್‌ಬಾಲ್ ವೀರರ ನೆನಪಿಗೆ. ಡೆನ್ವರ್‌ನಲ್ಲಿ ಬೇರೆ ಆಟದ ತಂಡಗಳಿದ್ದು ನಿಮ್ಮದೇ ನಿಯಮ ಅಡ್ಡ ಬಂದಾಗ ನೀವು ಸಮಯ ಕೊಟ್ಟಿರಿ, ಅವು ಪತ್ನಿಯ ಹೆಸರಿಗಾದವು. ಎಲ್ಲಕ್ಕಿಂತ ಮುಖ್ಯ ಗುಣ, ವರ ಬಾಯಿ ಬಿಡುವುದಿಲ್ಲ. ಪತ್ರಿಕೆಯವರು ಇಟ್ಟ ಅಡ್ಡಹೆಸರೇ ಮೌನಿ ಸ್ಟಾನ್.

ಆ ಮೌನಿ 2016ರಲ್ಲಿ ತಂಡವನ್ನು ಗಂಟುಮೂಟೆ ಕಟ್ಟಿಸಿ ಲಾಸ್ ಏಂಜಲೀಸಿಗೆ ಕರೆದೊಯ್ದರು. ನೀವು 30–2 ಮತಗಳಿಂದ ಹರಸಿ ಕಳಿಸಿದಿರಿ. ತವರೂರು ಕೋರ್ಟಿಗೆ ಹೋಯಿತು. 2021ರಲ್ಲಿ 79 ಕೋಟಿ ಡಾಲರಿಗೆ ರಾಜಿಯಾಯಿತು. ಬಾಯಿಬಡುಕ ಊರನ್ನು ಏನು ಮಾಡುತ್ತಿದ್ದನೋ ಯಾರಿಗೂ ಗೊತ್ತಿಲ್ಲ. ಮಾತಾಡದವನು ಮಾಡಿದ್ದು ದಾಖಲೆಯಲ್ಲಿದೆ.

ಬೇಡವಾದ ವರರು ಏನಾದರು ಎಂದು ನನ್ನಂಥವರು ವಿಚಾರಿಸುತ್ತಲೇ ಇರುತ್ತೇವೆ. 2014ರಲ್ಲಿ ಬಫಲೋ ತಂಡ ಕೇಳಿ ಬಂದ ಇನ್ನೊಬ್ಬ ಟಿವಿ ತಾರೆ ನೆನಪಿದೆಯೇ? ಅದಕ್ಕೂ ಮುಂಚೆ, 1986ರಲ್ಲಿ, ಅವರ ತಂಡವಿದ್ದ ಎದುರಾಳಿ ಲೀಗು ನಿಮ್ಮ ಮೇಲೆ ಮೊಕದ್ದಮೆ ಹೂಡಿ ಗೆದ್ದು, ಪರಿಹಾರವಾಗಿ 1 ಡಾಲರ್, ಕಾನೂನಿನಂತೆ ಮೂರುಪಟ್ಟಾಗಿ 3 ಡಾಲರ್ ಪಡೆದಿತ್ತು. ಬಫಲೋ ಬೇರೆಯವರ ಪಾಲಾಯಿತು. ಡೊನಾಲ್ಡ್ ಟ್ರಂಪ್ ತಂಡ ಸಿಗದೆ ದೇಶ ತೆಗೆದುಕೊಂಡರು. 2020ರ ಫೆಬ್ರವರಿಯಲ್ಲಿ, ಕ್ಯಾನ್ಸರ್ ಬಂದಿದ್ದ ಲಿಂಬಾ ಅವರನ್ನು ಸಂಸತ್ತಿಗೆ ಕರೆಸಿ, ದೇಶದ ಅತ್ಯುನ್ನತ ನಾಗರಿಕ ಪದಕ ಕೊಟ್ಟರು. ಕೊರಳಿಗೆ ಹಾಕಿದ್ದು ಟ್ರಂಪ್ ಪತ್ನಿ. ನಿಮ್ಮ ಮನೆಗೆ ಹೊಂದದ ಇಬ್ಬರು ವರರೂ ಒಂದೇ ಚಾವಡಿಯಲ್ಲಿ, ಸುತ್ತ ಅರ್ಧ ಸಭೆ ಎದ್ದು ನಿಂತು ಚಪ್ಪಾಳೆ, ಇನ್ನರ್ಧ ಕೂತಲ್ಲೇ ಕಲ್ಲು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮದುವೆ ಬ್ರೋಕರ್

ವಿ.ಸೂ.: ಮುಂದೆ ಯಾವುದಾದರೂ ತಂಡ ಮಾರಾಟಕ್ಕೆ ಬಂದರೆ ತಿಳಿಸಿ. ನನ್ನ ಬಳಿ ನಿಮಗೆ ಹೇಳಿಮಾಡಿಸಿದ ವರವಿದೆ. ಇದುವರೆಗೆ ಯಾವ ವಿಷಯದ ಮೇಲೂ ಒಂದಕ್ಷರ ಆಡಿದವರಲ್ಲ. ದುಡ್ಡು ಎಲ್ಲಿಂದ ಬಂತು ಅಂತ ನಾನೇ ಕೇಳಿ ನೋಡಿದೆ, ಅದಕ್ಕೂ ಬಾಯಿ ಬಿಡಲಿಲ್ಲ.