ಮಾರಾಟಕ್ಕಿದೆ ಹಳೇ ಗಿಟಾರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಅರವತ್ತು ದಾಟಿದ ವಯಸ್ಸು, ಬ್ಯಾಂಕಿನ ಪೆನ್ಷನ್ನು, ಮುಂದೆ ಬೋಳು, ಹಿಂದೆ ಮಾತ್ರ ಕಾಲರ್ ಮುಟ್ಟುವ ಕೂದಲು. ಆ ಕೂದಲು ಕಂಡರೆ ಮನೆಯಲ್ಲೊಂದು ಗಿಟಾರು ಇದೆ ಎಂದೇ ತಿಳಿಯಿರಿ. ಕೇಳಿದರೆ ಅದು ಮಾರಾಟಕ್ಕೂ ಇರುತ್ತದೆ.

ನಾನು ಹೋದದ್ದು ಮಗಳಿಗಾಗಿ. ದಿನಸಿ ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದರು: 'ಹಳೆಯ ಗಿಟಾರು, ಚೆನ್ನಾಗಿ ಬಳಸಿದ್ದು, 12,000 ರೂ. ಆಸಕ್ತರು ಮಾತ್ರ.'

ಸೋಫಾದಲ್ಲಿ ಕೂರಿಸಿದರು. ಗಿಟಾರು ಬರಲಿಲ್ಲ, ಉಪ್ಪಿಟ್ಟು ಬಂತು. ಯಜಮಾನರು ಎದುರು ಕೂತು ವಿಚಾರಣೆ ಶುರುಮಾಡಿದರು. "ಮನೆ ಸ್ವಂತದ್ದೋ, ಬಾಡಿಗೆಯೋ? ಗೋಡೆಗೆ ತೇವ ಇಲ್ಲ ತಾನೆ? ಮಳೆಗಾಲದಲ್ಲಿ ಎಲ್ಲಿ ಇಡ್ತೀರಿ?" ಆಮೇಲೆ ಮಗಳ ಎಡಗೈ ಕೇಳಿ, ನಾಡಿ ನೋಡುವ ಪಂಡಿತರ ಹಾಗೆ ಬೆರಳ ತುದಿ ಒತ್ತಿದರು. "ಇನ್ನೂ ಜಡ್ಡುಗಟ್ಟಿಲ್ಲ. ಉಗುರು ಬೇರೆ ಬಿಟ್ಟಿದೀಯ. ತಂತಿ ಒತ್ತೋದು ಹೇಗೆ ಪುಟ್ಟಿ?" ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೇ ಫೇಲಾಗುವ ಲಕ್ಷಣ ಕಂಡಿತು.

ಕೊನೆಗೆ ದಿವಾನದ ಕೆಳಗಿನಿಂದ ಪೆಟ್ಟಿಗೆ ಹೊರಬಂತು, ಜೊತೆಗೆ ನುಸಿಗುಳಿಗೆಯ ವಾಸನೆ. ನಾಲ್ಕು ತಂತಿಗೆ ತುಕ್ಕು. ಆರೂ ತಂತಿ ಸೇರಿ ಎಪ್ಪತ್ತು ಕಿಲೋದಷ್ಟು ಎಳೆಯುವುದರಿಂದ ಬ್ರಿಜ್ಜು ಮೇಲೆದ್ದು, ಸಂದಿಯಲ್ಲಿ ಬಸ್ ಟಿಕೆಟ್ಟು ತೂರುವಂತಿತ್ತು. ಮೊದಲ ಮೂರು ಫ್ರೆಟ್ಟುಗಳ ನಡುವೆ ಮರ ಸವೆದು ಗುಳಿ ಬಿದ್ದಿತ್ತು. ಅಲ್ಲಿಂದಾಚೆ ಹೊಚ್ಚಹೊಸದು. ಪುಣ್ಯಾತ್ಮ ಅಷ್ಟು ವರ್ಷದಲ್ಲಿ ಮೂರನೇ ಫ್ರೆಟ್ಟು ದಾಟಿರಲಿಲ್ಲ!

"ಇಷ್ಟು ಸವೆದಿದೆಯಲ್ಲ ಸಾರ್?" ಅಂದೆ.

"ವಿಲ್ಲಿ ನೆಲ್ಸನ್ ಗೊತ್ತೇನ್ರೀ? 1969ರಲ್ಲಿ ತಗೊಂಡ ಮಾರ್ಟಿನ್ ಗಿಟಾರು, ನುಡಿಸಿ ನುಡಿಸಿ ತೂತೇ ಬಿದ್ದಿದೆ. ಇವತ್ತಿಗೂ ಅದೇ!"

"ಅವರು ಅದನ್ನ ಮಾರ್ಲಿಲ್ವಲ್ಲ ಅಂಕಲ್" ಅಂದಳು ಮಗಳು.

ಯಜಮಾನರ ಮುಖ ಸಣ್ಣಗಾಯಿತು. ಮಾತು ಮರಕ್ಕೆ ಹೊರಳಿತು. "ಇದು ನಮ್ಮ ಬೀಟೆ ಮರ. ಬ್ರೆಜಿಲ್ಲಿನ ಮರ ಸಿಗೋದು ಕಷ್ಟವಾಗಿ ಅದೇ 1969ರಲ್ಲಿ ಮಾರ್ಟಿನ್ನವರೂ ನಮ್ಮ ದೇಶದ ಬೀಟೆಗೇ ಬಂದ್ರು." ಆ ಮಾತು ನಿಜವೇ. ಆದರೆ ಈ ಗಿಟಾರಿನ ಹೊಟ್ಟೆಯ ತೂತಿಗೆ ಮೊಬೈಲಿನ ಬೆಳಕು ಹಿಡಿದರೆ ಅಂಚಿನಲ್ಲಿ ಚಿರೋಟಿಯ ಹಾಗೆ ಪದರ ಪದರ ಪ್ಲೈವುಡ್ಡು.

ಒಳಗೊಂದು ಲೇಬಲ್ಲು. ಇಂಗ್ಲಿಷಿನ ಆರಕ್ಷರದಲ್ಲಿ ಮೂರನೆಯದನ್ನು ಜಿರಲೆ ತಿಂದುಹಾಕಿದೆ. ಗಿಬ್ಸನ್ ಎಂದರೆ 1902ರಲ್ಲಿ ಶುರುವಾದ ಅಮೆರಿಕದ ಕಂಪನಿ, ಗಿವ್ಸನ್ ಎಂದರೆ ಕಲ್ಕತ್ತೆಯದು. ವನವನ್ನು ಬನ, ವೀಥಿಯನ್ನು ಬೀದಿ ಮಾಡಿಕೊಂಡ ಭಾಷೆಯಲ್ಲಿ ಹುಟ್ಟಿದವರಿಗೆ ಆ ಒಂದಕ್ಷರ ಯಾವ ಲೆಕ್ಕ? "ಗಿಬ್ಸನ್ನೇ" ಅಂದರು. ಅಡುಗೆಮನೆಯಿಂದ ಶ್ರೀಮತಿಯವರ ದನಿ ಬಂತು: "ಕಲ್ಕತ್ತಾ ಟೂರಲ್ಲಿ ತಗೊಂಡೆ ಅಂತಿದ್ರಲ್ಲ?"

ಉತ್ತರವಾಗಿ ಯಜಮಾನರು ಶ್ರುತಿ ಮಾಡಿ ಒಮ್ಮೆ ಮೀಟಿದರು. ಸುಳ್ಳು ಹೇಳಬಾರದು, ಆ ತುಕ್ಕು ತಂತಿಯಲ್ಲೂ ನಾದ ಕೋಣೆ ತುಂಬಿ ನಿಂತಿತು. ಮಗಳು ನನ್ನ ತೋಳು ಚಿವುಟಿದಳು. ಚೌಕಾಸಿ ಮಾಡದೆ ಹನ್ನೆರಡು ಸಾವಿರ ಎಣಿಸಿ ಟೀಪಾಯಿಯ ಮೇಲಿಟ್ಟೆ.

ಅವರು ನೋಟು ಮುಟ್ಟಲಿಲ್ಲ. ಗಿಟಾರನ್ನು ಎದೆಗವಚಿಕೊಂಡು, "ಇವತ್ತು ಅಮಾವಾಸ್ಯೆ" ಅಂದರು. ಅವರ ಬೆನ್ನ ಹಿಂದಿನ ಕ್ಯಾಲೆಂಡರಿನಲ್ಲಿ ಅಂದು ಪಂಚಮಿ.

ಗೇಟಿನ ತನಕ ಬಂದ ಶ್ರೀಮತಿಯವರು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ, ನೀವು ಹದಿನಾಲ್ಕನೆಯವರು."

ಚೀಟಿ ಇನ್ನೂ ಅಂಗಡಿ ಗೋಡೆಯ ಮೇಲಿದೆ. 12,000 ಹೊಡೆದುಹಾಕಿ 13,500 ಎಂದು ಬರೆದಿದ್ದಾರೆ. ಹೋಗುವವರು ಎಡಗೈ ಉಗುರು ಕತ್ತರಿಸಿಕೊಂಡು, ಮನೆಯಲ್ಲಿ ತಿಂಡಿ ತಿನ್ನದೆ ಹೋಗಿ. ಉಪ್ಪಿಟ್ಟು ಬಹಳ ಚೆನ್ನಾಗಿರುತ್ತದೆ.