ಗುರುಹಸ್ತಾಂಕನ ಮೀಮಾಂಸೆ

ಶಿಕ್ಷಕರ ಮುಂಗೈಯಲ್ಲಿ ಹಚ್ಚೆ ಕಾಣಬಹುದೇ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಎತ್ತಿಕೊಳ್ಳದ ಕಾರಣ ಅದು ಪೋಷಕರ ಸಭೆಗಳ ಪಾಲಾಗಿದೆ. ಅಲ್ಲಿ ಸಿದ್ಧಾಂತ ಮೊದಲು ಹುಟ್ಟಿ ಪ್ರಮಾಣವನ್ನು ಆಮೇಲೆ ಹುಡುಕುವ ರೂಢಿಯಿರುವುದರಿಂದ ವಿಷಯವನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ. ಪ್ರತ್ಯಕ್ಷವನ್ನೇ ಮೊದಲು ನೋಡೋಣ. ನಿವೃತ್ತಿಯ ಅಂಚಿಗೆ ಬಂದ ಮೇಡಂ ಒಬ್ಬರ ಮುಂಗೈಯಲ್ಲಿ ಕೊರವಂಜಿ ಹುಯ್ದ ತುಳಸಿಕಟ್ಟೆ ಹಸಿರಾಗಿ ಹರಡಿಕೊಂಡಿದ್ದರೆ ಅದು ಸಂಸ್ಕೃತಿ. ಆಷಾಢ ಏಕಾದಶಿಯಂದು ಮಠಕ್ಕೆ ಹೋಗಿ ತಪ್ತಮುದ್ರೆ ಹಾಕಿಸಿಕೊಂಡು ಬಂದ ಸಂಸ್ಕೃತ ಮೇಷ್ಟರ ತೋಳಿನ ಶಂಖಚಕ್ರ ಆಚಾರ. ಹೋದ ತಿಂಗಳಷ್ಟೇ ಸೇರಿದ ಗಣಿತದ ಮಿಸ್ ಅವರ ಮಣಿಕಟ್ಟಿನ ಚಿಟ್ಟೆ ಮಾತ್ರ ಅಶಿಸ್ತು. ಕೊರವಂಜಿಯ ಸೂಜಿಯಾಗಲಿ, ಸ್ಟುಡಿಯೋದ ಯಂತ್ರವಾಗಲಿ, ಬಣ್ಣ ಇಳಿಸುವುದು ಒಳಚರ್ಮದ ಅದೇ ಪದರಕ್ಕೆ. ಹಾಗಾಗಿ ದೋಷ ಬಣ್ಣದ್ದಲ್ಲ, ಚರ್ಮದ್ದೂ ಅಲ್ಲ. ತುಳಸಿಕಟ್ಟೆಯನ್ನು ಮನೆಯ ಹಿರಿಯರು ಹಿಡಿದು ಕೂರಿಸಿ ಹುಯ್ಯಿಸಿದ್ದು, ಶಂಖಚಕ್ರವನ್ನು ಮಠ ಒತ್ತಿದ್ದು. ಚಿಟ್ಟೆಯನ್ನೋ, ಮಿಸ್ ತಾವೇ ಆರಿಸಿ, ತಮ್ಮದೇ ಸಂಬಳ ಕೊಟ್ಟು ಹಾಕಿಸಿಕೊಂಡರು. ಅನ್ವಯ-ವ್ಯತಿರೇಕಗಳಿಂದ ತೂಗಿದರೆ ಉಳಿಯುವುದು ಇಚ್ಛಾದೋಷವೊಂದೇ. ಶಿಕ್ಷಕರ ಮೈ ಎಂಬುದು ಬೆಂಚು, ಗ್ಲೋಬುಗಳ ಜತೆಗೆ ಶಾಲೆಯ ದಾಸ್ತಾನು ವಹಿಯಲ್ಲಿ ದಾಖಲಾದ ವಸ್ತು. ಅದರ ಮೇಲೆ ಊರು ಬರೆಯಬಹುದು, ವಸ್ತು ತಾನೇ ಬರೆದುಕೊಳ್ಳಕೂಡದು.

ಮಕ್ಕಳು ಅನುಕರಿಸುತ್ತಾರೆ ಎಂಬುದು ಪೂರ್ವಪಕ್ಷ. ಮಿಸ್ ಅವರ ದುಂಡನೆಯ ಅಕ್ಷರವನ್ನಾಗಲಿ, ಹೊತ್ತಿಗೆ ಸರಿಯಾಗಿ ಬರುವುದನ್ನಾಗಲಿ ಅನುಕರಿಸದವರು ಚಿಟ್ಟೆಯೊಂದನ್ನೇ ಅನುಕರಿಸುವುದು ನಿಜವಾದರೆ, ಇಲಾಖೆಯು ತಡಮಾಡದೆ ಹತ್ತೊಂಬತ್ತರ ಮಗ್ಗಿಯನ್ನು ಎಲ್ಲ ಶಿಕ್ಷಕರ ಮುಂಗೈಗೂ ಹುಯ್ಯಿಸತಕ್ಕದ್ದು. ಇನ್ನು ಶಿಸ್ತಿನ ವಾದ. ಭಾರತೀಯ ಸೇನೆಯೇ ಮುಂಗೈಯ ಒಳಬದಿಯ ಹಚ್ಚೆಗೆ ಅವಕಾಶ ಕೊಟ್ಟಿದೆ. ಬಂದೂಕು ಹಿಡಿಯುವ ಕೈಗಿರುವ ಸಡಿಲಿಕೆ ಸೀಮೆಸುಣ್ಣ ಹಿಡಿಯುವ ಕೈಗೆ ಏಕಿಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ: ಶತ್ರು ಗಡಿಯಾಚೆ ಇರುತ್ತಾನೆ, ಪೋಷಕರು ಗೇಟಿನಲ್ಲೇ ಇರುತ್ತಾರೆ.

ತುಂಬುತೋಳಿನ ರವಿಕೆ ಸಾಕು ಎನ್ನುವ ಮಧ್ಯಮಮಾರ್ಗಿಗಳು ಕರಿಹಲಗೆಯ ಸ್ವರೂಪವನ್ನು ಅರಿಯದವರು. ದಿನಾಂಕ ಬರೆಯುವುದು ಹಲಗೆಯ ಮೇಲಿನ ಮೂಲೆಯಲ್ಲಿ. ಕೈ ಅಲ್ಲಿಗೆ ಏರುವಷ್ಟರಲ್ಲಿ ಬಟ್ಟೆ ನಾಲ್ಕು ಬೆರಳು ಜಾರಿ ಚಿಟ್ಟೆ ಹೊರಬೀಳುತ್ತದೆ. ಕೊನೆಯ ಬೆಂಚೂ ಸೇರಿ ಇಡೀ ತರಗತಿ ಹಲಗೆಯನ್ನು ನೋಡುವುದು ಆಗಲೇ. ಇದನ್ನು ದೋಷಗಳ ಪಟ್ಟಿಗೆ ಸೇರಿಸಬೇಕೋ ಬೋಧನೋಪಕರಣಗಳ ಪಟ್ಟಿಗೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿರಬಹುದು. ದಿನಾಂಕವನ್ನೇ ಕೆಳಗಿನ ಮೂಲೆಗೆ ಇಳಿಸಿಬಿಟ್ಟರಾಯಿತಲ್ಲ ಎಂದರೆ, ಅದಕ್ಕೆ ಮೇಲಿನಿಂದ ಸುತ್ತೋಲೆ ಬರಬೇಕು.